ಕರೇಮಾದ ಕಲ್ಲುಕಂಬಗಳು

ಉತ್ತರ ಇಟಲಿಯ ಟ್ಯೂರಿನ್‌ನಿಂದ ಆಲ್ಪ್ಸ್ ಕಡೆಗೆ ಹೊರಟರೆ, ಪಿಯೆಮೊಂತೆ ಪ್ರಾಂತ್ಯ ಮುಗಿಯುವ ಜಾಗದಲ್ಲಿ ಕರೇಮಾ ಎಂಬ ಸಣ್ಣ ಊರಿದೆ. ಕೆಳಗೆ ದೋರಾ ಬಾಲ್ತೇಯಾ ನದಿ, ಮೇಲೆ ಬಂಡೆಯ ಬೆಟ್ಟ. ಆ ಬೆಟ್ಟದ ಮೈಮೇಲೆ, ಸಮುದ್ರಮಟ್ಟದಿಂದ ಸುಮಾರು 300ರಿಂದ 600 ಮೀಟರ್ ಎತ್ತರದಲ್ಲಿ, ದ್ರಾಕ್ಷಿತೋಟಗಳು ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ಊರಿನ ಕೆಂಪು ವೈನ್‌ಗೂ ಊರಿನದೇ ಹೆಸರು. ವೈನ್ ಕುಡಿಯದವರೂ ಈ ಕತೆಯನ್ನು ಓದಬಹುದು, ಏಕೆಂದರೆ ಇದು ಹೆಚ್ಚಾಗಿ ದುಡಿಮೆಯ ಕತೆ.

ಇಲ್ಲಿನ ದ್ರಾಕ್ಷಿ ನೆಬ್ಬಿಯೋಲೊ. ದೊಡ್ಡ ಬೆಲೆಗೆ ಮಾರಾಟವಾಗುವ ಬರೋಲೊ ವೈನ್ ಆಗುವುದೂ ಇದರಿಂದಲೇ. ಆ ಹೆಸರು ಬಂದದ್ದು ಮಂಜು ಎಂಬ ಅರ್ಥದ ‘ನೆಬ್ಬಿಯಾ’ದಿಂದ ಎನ್ನುವವರು ಬಹಳ. ಕರೇಮಾದವರು ಮಾತ್ರ ತಮ್ಮ ಬಳ್ಳಿಯನ್ನು ‘ಪಿಕೊತೆಂದ್ರೊ’ ಎನ್ನುತ್ತಾರೆ, ಅಂದರೆ ಎಳೆಯ ತೊಟ್ಟಿನದು. ಮಂಜನ್ನು ದೂರದಿಂದಲೂ ನೋಡಬಹುದು. ತೊಟ್ಟು ಎಳೆಯದೆಂದು ತಿಳಿಯಲು ಗೊಂಚಲನ್ನು ಕೈಯಲ್ಲಿ ಹಿಡಿದಿರಬೇಕು.

ಬೆಟ್ಟದಲ್ಲಿ ಮೊದಲು ಮಣ್ಣೇ ಸಾಕಷ್ಟು ಇರಲಿಲ್ಲ. ತಲೆಮಾರುಗಳ ಕಾಲ ಜನ ಗಾರೆಯಿಲ್ಲದ ಕಲ್ಲುಗೋಡೆ ಕಟ್ಟಿ, ಕೆಳಗಿನ ಬಯಲಿನಿಂದ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ಅದರ ಹಿಂದೆ ತುಂಬಿದರು. ಮೇಲೆ ಚೆಸ್ಟ್‌ನಟ್ ಮರದ ಗಳಗಳ ಚಪ್ಪರ ಹಾಕಿ, ಅದಕ್ಕೆ ಆಧಾರವಾಗಿ ದಪ್ಪನೆಯ ಕಲ್ಲುಕಂಬ ನಿಲ್ಲಿಸಿದರು. ಕಲ್ಲುಕಂಬದ ಮೇಲಿನ ದ್ರಾಕ್ಷಿ ಚಪ್ಪರ ಬೆಂಗಳೂರಿನ ಸುತ್ತಮುತ್ತಲ ಹಳ್ಳಿಗಳನ್ನು ಬಲ್ಲವರಿಗೆ ಹೊಸದಲ್ಲ. ಆದರೆ ಕರೇಮಾದ ಕಂಬಕ್ಕೆ ಇನ್ನೊಂದು ಕೆಲಸವೂ ಉಂಟು: ಹಗಲಿನ ಬಿಸಿಲನ್ನು ಹೀರಿಕೊಂಡು, ಆಲ್ಪ್ಸ್‌ನ ಚಳಿ ಇಳಿಯುವ ರಾತ್ರಿ ಅದನ್ನು ಬಳ್ಳಿಗೆ ಮರಳಿಸುವುದು. ಹಣ್ಣು ನಿಧಾನವಾಗಿ ಮಾಗುತ್ತದೆ, ಕೊಯ್ಲು ಅಕ್ಟೋಬರ್‌ಗೆ ಹೋಗುತ್ತದೆ. ತೆಳು ಕೆಂಪು ಬಣ್ಣ, ಹಗುರ ಮೈ, ಚುರುಕಾದ ಹುಳಿ, ಹೂವಿನ ಪರಿಮಳ ಎಲ್ಲಕ್ಕೂ ಈ ತಂಪೇ ಕಾರಣ.

ಇಷ್ಟು ದುಡಿಮೆ ಬೇಡುವ ವೈನ್ ಬರೋಲೊಗಿಂತ ಬಹುಕಾಲ ಅಗ್ಗವಾಗಿಯೇ ಉಳಿದದ್ದು ಹೇಗೆ? ಉತ್ತರಕ್ಕೆ ನದಿಗುಂಟ ಕೆಳಗಿಳಿದು, ಇಪ್ಪತ್ತು ಕಿಲೋಮೀಟರಿನೊಳಗೆ ಸಿಗುವ ಇವ್ರೇಯಾ ಪಟ್ಟಣಕ್ಕೆ ಬರಬೇಕು.

ಅಲ್ಲಿ 1908ರಲ್ಲಿ ಕಮಿಲ್ಲೊ ಒಲಿವೆಟ್ಟಿ ಟೈಪ್‌ರೈಟರ್ ಕಾರ್ಖಾನೆ ಶುರುಮಾಡಿದ. ಮಗ ಅದ್ರಿಯಾನೊ ಅದನ್ನು ಜಗತ್ತಿಗೇ ಪರಿಚಯಿಸಿದ. ಸುತ್ತಲಿನ ಹಳ್ಳಿಗಳ ಜನ ಅಲ್ಲಿ ಕೆಲಸಕ್ಕೆ ಸೇರಿದರು, ಕರೇಮಾದವರೂ ಸೇರಿದರು. ತಿಂಗಳ ಸಂಬಳದ ಎದುರು ಬೆಟ್ಟದ ಕೂಲಿ ಯಾವ ಲೆಕ್ಕ? ಹಳ್ಳಿಯನ್ನು ಖಾಲಿ ಮಾಡಿ ಕಾರ್ಖಾನೆ ಬೆಳೆಯಬಾರದು ಎಂಬ ಹಟ ಅದ್ರಿಯಾನೊಗಿತ್ತು. ನೌಕರರು ತಮ್ಮ ಊರಲ್ಲೇ ಇದ್ದು ಬಂದುಹೋಗಲು ಬಸ್ಸುಗಳಿದ್ದವು. 1956ರಲ್ಲಿ ವಾರದ ಕೆಲಸ ಸಂಬಳ ಕಡಿತವಿಲ್ಲದೆ 48 ಗಂಟೆಯಿಂದ 45ಕ್ಕೆ ಇಳಿಯಿತು. ಹೀಗೆ ವಾರವಿಡೀ ಕಾರ್ಖಾನೆ, ಸಂಜೆ ಮತ್ತು ರಜೆಯ ದಿನ ಚಪ್ಪರ ಎಂಬ ಬದುಕು ಸಾಧ್ಯವಾಯಿತು.

ಕಾರ್ಖಾನೆ ತೋಟದಿಂದ ಆಳುಗಳನ್ನು ಕಿತ್ತುಕೊಂಡಿತು ಎಂಬ ಮಾತು ಸುಳ್ಳಲ್ಲ. ಆದರೆ ಉಳಿದ ತೋಟ ಉಳಿದದ್ದೂ ಅದೇ ಕಾರ್ಖಾನೆಯ ಸಂಬಳದಿಂದ. ಮನೆಖರ್ಚು ಅಲ್ಲಿಂದ ನಡೆಯುತ್ತಿದ್ದುದರಿಂದ ಬಳ್ಳಿ ಕಟ್ಟಿದ, ಬಿದ್ದ ಗೋಡೆ ಎತ್ತಿದ ಗಂಟೆಗಳಿಗೆ ಯಾರೂ ಕೂಲಿ ಹಾಕಲಿಲ್ಲ. ಲೆಕ್ಕಕ್ಕೆ ಬಾರದ ಆ ಗಂಟೆಗಳು ಬಾಟಲಿಯ ಬೆಲೆಯಲ್ಲೂ ಕಾಣಲಿಲ್ಲ.

1960ರ ಫೆಬ್ರುವರಿಯಲ್ಲಿ ಅದ್ರಿಯಾನೊ ರೈಲು ಪ್ರಯಾಣದಲ್ಲಿ ತೀರಿಕೊಂಡ. ಅದೇ ವರ್ಷ ಕರೇಮಾದ ಹತ್ತು ಮಂದಿ ಬೆಳೆಗಾರರು ಸೇರಿ ಸಹಕಾರ ಸಂಘ ಕಟ್ಟಿದರು. ಎರಡೂ ಒಂದೇ ವರ್ಷ ನಡೆದದ್ದು ಕಾಕತಾಳೀಯ. ಆದರೆ ಸಂಘದ ಅಗತ್ಯ ಕಾಕತಾಳೀಯವಲ್ಲ. ತುಂಡು ಮೆಟ್ಟಿಲಿನ ಒಡೆಯನಿಗೆ ತಾನೊಬ್ಬನೇ ಪೀಪಾಯಿ, ನೆಲಮಾಳಿಗೆ, ಮಾರುಕಟ್ಟೆ ಎಲ್ಲವನ್ನೂ ಹೊಂದಿಸಿಕೊಳ್ಳಲು ಆಗುತ್ತಿರಲಿಲ್ಲ. ಎಲ್ಲರ ಹಣ್ಣು ಒಂದೆಡೆ ಸೇರಿದರೆ ಆಗುತ್ತಿತ್ತು. 1967ರಲ್ಲಿ ಕರೇಮಾ ಹೆಸರಿಗೆ ಕಾನೂನಿನ ರಕ್ಷಣೆಯೂ ಸಿಕ್ಕಿತು. ಇಂದಿನ ನಿಯಮದಂತೆ ಕನಿಷ್ಠ ನೂರಕ್ಕೆ 85 ಪಾಲು ನೆಬ್ಬಿಯೋಲೊ ಇರಬೇಕು. ಎರಡು ವರ್ಷ ಮಾಗಬೇಕು, ಅದರಲ್ಲಿ ಒಂದು ವರ್ಷ ಮರದ ಪೀಪಾಯಿಯಲ್ಲಿ.

ಟೈಪ್‌ರೈಟರ್ ಕಾಲ ಮುಗಿಯಿತು. ಕಂಪ್ಯೂಟರಿನಲ್ಲೂ ಕಂಪನಿ ಕೊನೆಗೆ ಸೋತಿತು. 2018ರಲ್ಲಿ ಯುನೆಸ್ಕೊ ಇವ್ರೇಯಾವನ್ನು ಇಪ್ಪತ್ತನೇ ಶತಮಾನದ ಕೈಗಾರಿಕಾ ನಗರವೆಂದು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕಾರ್ಖಾನೆಯ ಕಟ್ಟಡಗಳು ಹಾಗೆ ಪರಂಪರೆಯಾದವು. ಬೆಟ್ಟದ ಮೇಲೆ ಮಾತ್ರ ಎಷ್ಟೋ ಮೆಟ್ಟಿಲುಗಳನ್ನು ಕಾಡು ನುಂಗಿದೆ, ಬಳ್ಳಿಯಿಲ್ಲದ ಕಂಬಗಳು ಪೊದೆಯ ನಡುವೆ ನಿಂತಿವೆ.

ಈಚಿನ ವರ್ಷಗಳಲ್ಲಿ ಕೆಲವು ಯುವಕರು ಪಾಳುಬಿದ್ದ ಮೆಟ್ಟಿಲುಗಳನ್ನು ಮತ್ತೆ ಸರಿಮಾಡಿ ವೈನ್ ಮಾಡುತ್ತಿದ್ದಾರೆ. ಕೆಳಗೆ ಕಾರ್ಖಾನೆಯ ಸಂಬಳವಿಲ್ಲದ ಇವರು ಪ್ರತಿ ಗಂಟೆಯ ದುಡಿಮೆಯನ್ನೂ ಬಾಟಲಿಯ ಬೆಲೆಯಿಂದಲೇ ಪಡೆಯಬೇಕು. ಕರೇಮಾ ಮೊದಲಿನಷ್ಟು ಅಗ್ಗವಾಗಿ ಸಿಗುತ್ತಿಲ್ಲ ಎಂದು ಅಭಿಮಾನಿಗಳು ಗೊಣಗಿದರೆ, ಆ ಹಳೆಯ ಬೆಲೆಯಲ್ಲಿ ಒಂದು ಭಾಗವನ್ನು ಟೈಪ್‌ರೈಟರುಗಳು ಕಟ್ಟುತ್ತಿದ್ದವು ಎಂಬುದನ್ನು ಅವರಿಗೆ ನೆನಪಿಸಬೇಕಾಗುತ್ತದೆ.