ಹಂಡೆ ನೀರು, ಸೀಗೆಪುಡಿ

ಹಾಸನ ಸೀಮೆಯ ನಮ್ಮಂಥ ಮನೆಗಳಲ್ಲಿ ಹೆಂಗಸರ ಎಣ್ಣೆನೀರಿಗೆ ಮಂಗಳವಾರ, ಶುಕ್ರವಾರ. ಗಂಡಸರಿಗೆ ಬುಧವಾರ, ಶನಿವಾರ. ತಪ್ಪಿಸುವ ಮಾತೇ ಇರಲಿಲ್ಲ. ಬೆಳಕು ಹರಿಯುವ ಮೊದಲೇ ಬಚ್ಚಲ ಒಲೆಗೆ ತೆಂಗಿನ ಸೋಗೆ, ಕರಟ ತುರುಕಿ ತಾಮ್ರದ ಹಂಡೆ ಕಾಯಲು ಬಿಡುತ್ತಿದ್ದರು. ಮನೆಯ ಹೆಣ್ಣುಮಕ್ಕಳೆಲ್ಲ ಹಳೆಯ ಲಂಗ ಸುತ್ತಿಕೊಂಡು, ಎಣ್ಣೆ ಬಳಿಸಿಕೊಂಡು, ಸರದಿಗೆ ಕಾಯುತ್ತಾ ಹಿತ್ತಲಲ್ಲಿ ಕೂತಿರುತ್ತಿದ್ದೆವು. ಅದಕ್ಕೆ ಸೌಂದರ್ಯಸಾಧನೆ ಎಂದು ಯಾರೂ ಹೆಸರಿಟ್ಟಿರಲಿಲ್ಲ. ಆದರೆ ಮುಖಕ್ಕೆ ಏನೂ ಬಳಿದುಕೊಳ್ಳದೆ ನಾಲ್ಕು ಜನರ ಮುಂದೆ ತಲೆಯೆತ್ತಿ ನಿಲ್ಲುವ ಧೈರ್ಯ ಎಲ್ಲಿಂದ ಬಂತು ಎಂದು ನನ್ನನ್ನು ಕೇಳಿದರೆ, ಆ ಬಚ್ಚಲುಮನೆಯಿಂದ ಎಂದೇ ಹೇಳುತ್ತೇನೆ. ನಾನು ಹುಟ್ಟಿದ್ದು ಬೇಲೂರಿಗೆ ಹತ್ತಿರದ ಹಳ್ಳಿಯಲ್ಲಿ. ಬಣ್ಣ ಎಣ್ಣೆಗಪ್ಪು. ಆ ಬಣ್ಣದೊಂದಿಗೆ ಸಂಕೋಚವಿಲ್ಲದೆ ಬಾಳಲು ಕಲಿಸಿದವರು ನಮ್ಮ ದೊಡ್ಡಜ್ಜಿ, ಅಂದರೆ ಅಜ್ಜನ ಅಕ್ಕ.

ಹರಳೆಣ್ಣೆಯನ್ನು ಮನೆಯಲ್ಲೇ ತೆಗೆಯುತ್ತಿದ್ದರು. ಅರಸೀಕೆರೆ ಕಡೆಯ ಬಯಲುಸೀಮೆಯಿಂದ ಹರಳು ಬರುತ್ತಿತ್ತು. ಅದನ್ನು ಬಿಸಿಲಿಗೆ ಒಣಗಿಸಿ, ಬಾಣಲೆಯಲ್ಲಿ ಹದವಾಗಿ ಹುರಿದು, ಒರಳಿನಲ್ಲಿ ಕುಟ್ಟಿದರೆ ಕಪ್ಪಗೆ, ಜಿಡ್ಡು ಜಿಡ್ಡಾದ ಮುದ್ದೆಯಾಗುತ್ತಿತ್ತು. ಆ ಮುದ್ದೆಯನ್ನು ದೊಡ್ಡ ಪಾತ್ರೆಯ ನೀರಿಗೆ ಹಾಕಿ ಗಂಟೆಗಟ್ಟಲೆ ಕುದಿಸಬೇಕು. ಎಣ್ಣೆ ಮೆಲ್ಲಗೆ ಮೇಲೆ ತೇಲುತ್ತದೆ. ಅದನ್ನು ಚಿಪ್ಪಿನ ಸೌಟಿನಲ್ಲಿ ನೀರು ಕದಡದಂತೆ ತೆಗೆದು, ಇನ್ನೊಂದು ಪಾತ್ರೆಗೆ ಬಗ್ಗಿಸಿ ಮತ್ತೆ ಕಾಯಿಸಬೇಕು. ನೀರಿನಂಶ ಇರುವ ತನಕ ಚಟಚಟ ಎನ್ನುತ್ತಿರುತ್ತದೆ; ಸದ್ದು ನಿಂತರೆ ಎಣ್ಣೆಯಾಯಿತು. ಈ ಕೆಲಸದ ದಿನ ದೊಡ್ಡಜ್ಜಿ ಯಾರ ಜೊತೆಗೂ ಹೆಚ್ಚು ಮಾತಾಡುತ್ತಿರಲಿಲ್ಲ, ಕಿವಿ ಪಾತ್ರೆಯ ಕಡೆಗೇ. ಅದೇ ಎಣ್ಣೆ ತಲೆಗೆ, ಅದೇ ಎಣ್ಣೆ ಬಾಣಂತಿಯ ಬೆನ್ನಿಗೆ, ಅದೇ ಎಣ್ಣೆ ದೀಪಕ್ಕೆ. ಹೊನಗೊನ್ನೆ ಸೊಪ್ಪಿನ ರಸದಲ್ಲಿ ಅದ್ದಿ ಒಣಗಿಸಿದ ಬತ್ತಿಯನ್ನು ಈ ಎಣ್ಣೆಯಲ್ಲಿ ಉರಿಸಿ, ಮೇಲೆ ಕವುಚಿದ ತಟ್ಟೆಗೆ ಕಟ್ಟಿದ ಮಸಿಯಿಂದ ಕಾಡಿಗೆ ಮಾಡುತ್ತಿದ್ದರು. ಕಾಡಿಗೆ ಅಲಂಕಾರವಲ್ಲವೇ ಎಂದರೆ ಹೌದು, ಅಲಂಕಾರವೇ. ಆದರೆ ಅದು ಕಣ್ಣನ್ನು ಬೇರೆ ಯಾರದೋ ಕಣ್ಣಿನಂತೆ ಮಾಡುತ್ತಿರಲಿಲ್ಲ. ಹಸುಗೂಸಿನಿಂದ ಮುದುಕಿಯ ತನಕ ಎಲ್ಲರಿಗೂ ಒಂದೇ ಕಾಡಿಗೆ.

ಎಣ್ಣೆ ಒತ್ತುವುದು ಒಂದು ವಿದ್ಯೆ. ದೊಡ್ಡಜ್ಜಿ ಮೊದಲು ನೆತ್ತಿಗೆ ಒಂದು ಅಂಗೈಗುಳಿಯಷ್ಟು ಎಣ್ಣೆ ಸುರಿದು ಅಂಗೈಯಿಂದ ತಟ್ಟುತ್ತಿದ್ದರು. ಆಮೇಲೆ ಕಿವಿಯ ಹಿಂದೆ, ಕತ್ತಿನ ನರಗಳ ಮೇಲೆ, ಬೆನ್ನುಮೂಳೆಯ ಉದ್ದಕ್ಕೂ ಹೆಬ್ಬೆರಳು ಓಡುತ್ತಿತ್ತು. ಮೊಣಕೈ, ಮಂಡಿ, ಹಿಮ್ಮಡಿ, ಯಾವುದನ್ನೂ ಬಿಡುತ್ತಿರಲಿಲ್ಲ. ನೆತ್ತಿ, ಕಿವಿ, ಪಾದ ಈ ಮೂರಕ್ಕೆ ವಿಶೇಷವಾಗಿ ಎಣ್ಣೆ ಹಚ್ಚಬೇಕೆಂದು ವಾಗ್ಭಟನ ಆಯುರ್ವೇದ ಗ್ರಂಥ ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯದಲ್ಲಿದೆ. ಕತ್ತಿನ ಕೆಳಗೆ ಬಿಸಿನೀರು ಒಳ್ಳೆಯದು, ತಲೆಗೆ ಅದೇ ಬಿಸಿ ಹಾಕಿದರೆ ಕೂದಲಿಗೂ ಕಣ್ಣಿಗೂ ಕೇಡು ಎಂದೂ ಅಲ್ಲೇ ಇದೆ. ಒಂದಕ್ಷರ ಓದಲು ಬಾರದ ದೊಡ್ಡಜ್ಜಿ ತಲೆಗೆ ಎರೆಯುವಾಗ ಹಂಡೆಯ ನೀರಿಗೆ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿಯೇ ತಂಬಿಗೆ ಎತ್ತುತ್ತಿದ್ದರು. “ಕಣ್ಮುಚ್ಕೊಳೇ, ಸೀಗೆ ಬೀಳುತ್ತೆ” ಎನ್ನುವ ಹೊತ್ತಿಗೆ ಅದು ಬಿದ್ದೇ ಇರುತ್ತಿತ್ತು. ಕಣ್ಣು ಕೆಂಡದಂತೆ ಉರಿದು ನಾವು ಕಿರುಚುತ್ತಿದ್ದೆವು. ಸೀಗೆಕಾಯಿಯಲ್ಲಿರುವ ಸಪೋನಿನ್ ಎಂಬ ಅಂಶ ಜಿಡ್ಡನ್ನು ಎತ್ತಿ ನೀರಿನಲ್ಲಿ ಬಿಡುತ್ತದೆ; ಸೋಪಿನಷ್ಟು ನೊರೆ ಬರುವುದಿಲ್ಲ, ಕೂದಲಿನ ಪಸೆಯನ್ನೂ ಪೂರ್ತಿ ಒಯ್ಯುವುದಿಲ್ಲ. ಮೈಗೆ ಕಡಲೆಹಿಟ್ಟು, ಮುಖಕ್ಕೆ ಒಂದಿಷ್ಟು ಅರಿಶಿನ. ಕೊನೆಗೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಬುಟ್ಟಿ ಕವುಚಿ, ಅದರ ಮೇಲೆ ಕೂದಲು ಹರಡಿ ಮಲಗಿಸುತ್ತಿದ್ದರು.

ಇಷ್ಟೆಲ್ಲ ಆಗುವಾಗ ಅಲ್ಲೆಲ್ಲೂ ಕನ್ನಡಿ ಇರುತ್ತಿರಲಿಲ್ಲ. ನಾನು ಮತ್ತೆ ಮತ್ತೆ ಯೋಚಿಸುವುದು ಇದನ್ನೇ. ನಮ್ಮ ಮೈ ಹೇಗಿದೆ ಎಂಬುದು ನಮಗೆ ಮೊದಲು ಗೊತ್ತಾದದ್ದು ಇನ್ನೊಬ್ಬರ ಕೈಯಿಂದ. ಆ ಕೈ ಯಾವ ಭಾಗವನ್ನೂ ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ವಿಂಗಡಿಸುತ್ತಿರಲಿಲ್ಲ. ಕಪ್ಪು ಬೆನ್ನಿಗೂ ಬಿಳಿ ಬೆನ್ನಿಗೂ ಅಷ್ಟೇ ಎಣ್ಣೆ, ಅಷ್ಟೇ ಒತ್ತಡ.

ಕನ್ನಡನಾಡಿನಲ್ಲಿ ಈ ಪದ್ಧತಿಯ ಹಳೆಯ ಕುರುಹು ಹುಡುಕುತ್ತ ಹೋದರೆ ಕಲ್ಯಾಣಕ್ಕೆ ಬಂದು ನಿಲ್ಲುತ್ತೇವೆ. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿ, ಒಟ್ಟು ನೂರು ಅಧ್ಯಾಯ. ಅದರ ಮೂರನೆಯ ವಿಂಶತಿ ಅರಸನ ಉಪಭೋಗಗಳದ್ದು. ಸ್ನಾನ, ವಿಲೇಪನ, ಪಾದಾಭ್ಯಂಗ, ಧೂಪ ಒಂದೊಂದಕ್ಕೂ ಅಲ್ಲಿ ಪ್ರತ್ಯೇಕ ಜಾಗವಿದೆ. ಓದುತ್ತಿದ್ದರೆ ನಮ್ಮ ಬಚ್ಚಲುಮನೆಯೇ ಅರಮನೆಯ ವೇಷ ತೊಟ್ಟಂತೆ ಕಾಣುತ್ತದೆ: ಎಣ್ಣೆ, ಪುಡಿ, ಬಿಸಿನೀರು, ಹೊಗೆ. ಅರಸನಿಗೆ ಸೇವಕರು ಮಾಡಿದ್ದನ್ನು ನಮಗೆ ಅಜ್ಜಿಯರು ಮಾಡಿದರು.

ಆದರೆ ಅದೇ ಕಲ್ಯಾಣಕ್ಕೆ, ಅದೇ ಶತಮಾನದಲ್ಲಿ, ಉಡುತಡಿಯಿಂದ ಒಬ್ಬ ಹೆಣ್ಣುಮಗಳು ನಡೆದು ಬಂದಳು. ಅಕ್ಕಮಹಾದೇವಿಯ ಮೈಮೇಲೆ ಇದ್ದದ್ದು ಅವಳ ಕೂದಲು ಮಾತ್ರ. ಅನುಭವ ಮಂಟಪದಲ್ಲಿ ಅಲ್ಲಮ ಅವಳನ್ನು ಆ ಕೂದಲ ಮರೆಯ ಬಗ್ಗೆಯೂ ಬಿಡದೆ ಪ್ರಶ್ನಿಸಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಅವಳು ಅಳುಕಲಿಲ್ಲ, ಉತ್ತರ ಕೊಟ್ಟಳು. ಇಪ್ಪತ್ತು ಬಗೆಯ ಭೋಗ ಪಟ್ಟಿ ಮಾಡಿದ ರಾಜಧಾನಿಯಲ್ಲಿ ಒಂದೂ ಬೇಡವೆಂದವಳು ನಿಂತು ಮಾತಾಡಿದಳು. ಅಕ್ಕನನ್ನು ಸೌಂದರ್ಯದ ಮಾತಿಗೆ ಎಳೆತರುವುದು ಸರಿಯಲ್ಲ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನೋಡುವವರ ಕಣ್ಣಿಗೆ ಹೆದರದ ಮೈ ಒಂದಿರಬಹುದು ಎಂದು ಕನ್ನಡದ ಹೆಣ್ಣುಮಕ್ಕಳಿಗೆ ಮೊದಲು ತೋರಿಸಿದವಳು ಅವಳೇ.

ನಮ್ಮೂರಿಗೆ ಹತ್ತಿರದಲ್ಲೇ ಇನ್ನೊಂದು ಸಾಕ್ಷಿಯಿದೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದ ಸೂರಿನಡಿಯ ಶಿಲಾಬಾಲಿಕೆಯರು. ದರ್ಪಣಸುಂದರಿಯ ಕೈಯಲ್ಲಿ ಕನ್ನಡಿಯೇನೋ ಇದೆ, ಆದರೆ ನಿಂತಿರುವ ನಿಲುವು ನೋಡಿ: ಕನ್ನಡಿ ಏನು ಹೇಳೀತೋ ಎಂಬ ಆತಂಕ ಅವಳ ಮುಖದಲ್ಲಿಲ್ಲ. ಬಳಪದ ಕಲ್ಲು, ಕಪ್ಪು ಛಾಯೆ. ಒಂಬೈನೂರು ಚಿಲ್ಲರೆ ವರ್ಷಗಳಿಂದ ಜನ ಅವಳನ್ನು ಸುಂದರಿ ಎಂದೇ ಕರೆಯುತ್ತಿದ್ದಾರೆ, ಯಾರೂ ಬಣ್ಣ ಕಮ್ಮಿ ಎಂದಿಲ್ಲ.

ಹಳೆಯದೆಲ್ಲ ಒಳ್ಳೆಯದಾಗಿತ್ತು ಎಂದು ನಾನು ಬರೆದರೆ ದೊಡ್ಡಜ್ಜಿಗೆ ದ್ರೋಹ ಮಾಡಿದ ಹಾಗೆ. ಅವರ ಗಂಡ ತೀರಿಕೊಂಡಾಗ ಅವರಿನ್ನೂ ಹುಡುಗಿ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ತವರಿಗೆ ಕಳಿಸಿದರು. ಊರಿನ ಅಷ್ಟೂ ಕೂಸುಗಳನ್ನು ಚಾಚಿದ ಕಾಲ ಮೇಲೆ ಮಲಗಿಸಿ ನೀರೆರೆದವರು, ಮೂಗು ತೀಡಿ, ತಲೆ ತಿದ್ದಿದವರು ಅವರು. ನಮ್ಮ ಮಾರುದ್ದದ ಜಡೆಗಳಿಗೆ ಎಣ್ಣೆ ಒತ್ತಿದವರಿಗೆ ತಮ್ಮದೇ ಒಂದೆಳೆ ಕೂದಲಿರಲಿಲ್ಲ. ಅರಿಶಿನ ಅವರಿಗೆ ನಿಷಿದ್ಧ. ನನ್ನ ಮದುವೆಯ ಅರಿಶಿನ ಎಣ್ಣೆ ಶಾಸ್ತ್ರದ ದಿನ, ಹುಟ್ಟಿದಂದಿನಿಂದ ನನಗೆ ಎಣ್ಣೆ ಹಚ್ಚಿದ ಕೈ ನಡುಮನೆಯ ಬಾಗಿಲಿನಾಚೆ ನಿಂತಿತ್ತು. ಮುತ್ತೈದೆಯರು ಮಾತ್ರ ಮುಂದೆ ಬಂದರು. ಇದನ್ನು ಕ್ಷಮಿಸಲು ನನ್ನಿಂದ ಇವತ್ತಿಗೂ ಆಗಿಲ್ಲ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ, ಆಮೇಲೆ 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಆಧರಿಸಿ ಮಾಡಿದ ಚಿತ್ರ, ಎರಡನ್ನೂ ನಾನು ಪೂರ್ತಿ ಮುಗಿಸಿದ್ದು ಅಳುತ್ತಲೇ. ಎಷ್ಟೋ ಮನೆಗಳಲ್ಲಿ ಫಣಿಯಮ್ಮನಂಥ ವಿಧವೆಯೊಬ್ಬರಿದ್ದರು. ಕುಂಕುಮ, ಹೂವು, ಕೂದಲು ಎಲ್ಲ ಕಿತ್ತುಕೊಂಡ ಮೇಲೂ ದೊಡ್ಡಜ್ಜಿಯ ಮುಖದಲ್ಲಿ ಒಂದು ಕಾಂತಿ ಉಳಿದಿತ್ತು. ಆದರೆ ಅದು ಆ ಶಾಸ್ತ್ರ ಕೊಟ್ಟದ್ದಲ್ಲ, ಶಾಸ್ತ್ರವನ್ನು ಗೆದ್ದು ಉಳಿದದ್ದು.

ಇನ್ನು ಮುಖಕ್ಕೆ ಬಣ್ಣ ಹಚ್ಚುವುದೆಂದರೆ, ಅದು ಆಗ ನಾಟಕದವರ ಕಸುಬು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥ ತಂಡಗಳು ಊರೂರಿಗೆ ಬಂದು ಡೇರೆ ಹಾಕುತ್ತಿದ್ದ ಕಾಲದಲ್ಲಿ ಅರದಾಳ, ಸಫೇದ ಇದ್ದದ್ದು ರಂಗದ ಹಿಂದಿನ ಪೆಟ್ಟಿಗೆಯಲ್ಲಿ. ರಾತ್ರಿ ಹಚ್ಚಿದ್ದನ್ನು ಬೆಳಗಿನ ಜಾವ ಕೊಬ್ಬರಿ ಎಣ್ಣೆಯಲ್ಲಿ ಒರೆಸಿ ತೆಗೆಯುತ್ತಿದ್ದರು. ಮನೆಯ ಹೆಂಗಸರಿಗೆ ಅದರ ಗೊಡವೆಯಿರಲಿಲ್ಲ.

ಬಚ್ಚಲುಮನೆಗೆ ಮೊದಲು ಬಂದ ಹೊಸ ವಸ್ತು ಸೋಪು. ಒಂದನೆಯ ಮಹಾಯುದ್ಧದಿಂದಾಗಿ ಮೈಸೂರಿನ ಗಂಧದ ಮರ ಯೂರೋಪಿಗೆ ಹೋಗುವುದು ನಿಂತು, ಕೊರಡುಗಳು ಉಗ್ರಾಣದಲ್ಲಿ ಕೊಳೆಯುವಂತಾದಾಗ, ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯ 1916ರಲ್ಲಿ ಗಂಧದೆಣ್ಣೆ ತೆಗೆಯುವ ವ್ಯವಸ್ಥೆ ಮಾಡಿದರು. ಸೋಪಿನ ತಂತ್ರ ಕಲಿಯಲು ಎಸ್.ಜಿ. ಶಾಸ್ತ್ರಿ ಇಂಗ್ಲೆಂಡಿಗೆ ಹೋಗಿ ಬಂದರು. 1918ರಲ್ಲಿ ಬೆಂಗಳೂರಿನಲ್ಲಿ ಸೋಪಿನ ಕಾರ್ಖಾನೆ ಶುರುವಾಯಿತು. ಆನೆಯ ತಲೆ, ಸಿಂಹದ ಮೈಯ ಶರಭ ಅದರ ಲಾಂಛನ. ನಮ್ಮಲ್ಲಿ ಅದು ನೆಂಟರು ಬಂದಾಗ ಮಾತ್ರ ಹೊರಗೆ ಬರುತ್ತಿತ್ತು. ಖಾಲಿ ಡಬ್ಬಿಯನ್ನು ಸೀರೆಗಳ ನಡುವೆ ಇಡುತ್ತಿದ್ದರು. ಸೋಪು ಮೈ ತೊಳೆಯಿತೇ ಹೊರತು ಮೈಬಣ್ಣಕ್ಕೆ ಹೆಸರಿಡಲಿಲ್ಲ, ಅದಕ್ಕೇ ಅದರ ಮೇಲೆ ನನಗೆ ಮುನಿಸಿಲ್ಲ.

ಮುನಿಸಿರುವುದು ಸ್ನೋ, ಪೌಡರಿನೊಂದಿಗೆ ಬಂದ ನೋಟದ ಮೇಲೆ. 1919ರಲ್ಲಿ ಮುಂಬಯಿಯ ಇ.ಎಸ್. ಪಾಟನ್‌ವಾಲಾ ‘ಅಫ್ಘಾನ್ ಸ್ನೋ’ ತಂದರು. 1952ರಲ್ಲಿ ಲ್ಯಾಕ್ಮೆ ಬಂತು. 1975ರಲ್ಲಿ ಬಂದ ‘ಫೇರ್ ಅಂಡ್ ಲವ್ಲಿ’ ಬಿಳುಪನ್ನೇ ಹೆಸರಿನಲ್ಲಿಟ್ಟುಕೊಂಡಿತ್ತು. ಬಿಳಿಯ ಬಣ್ಣದ ಹಂಬಲ ಮೊದಲೇ ಇತ್ತು, ನಿಜ. ಕೂಸಿಗೆ ಅರಿಶಿನ ಉಜ್ಜುವಾಗಲೂ ಅದಿತ್ತು. ಆದರೆ ಈಗ ಅದು ಟ್ಯೂಬಿನಲ್ಲಿ ಸಿಗತೊಡಗಿತು. ಮೈಯೆಲ್ಲ ಬಿಟ್ಟು ಮುಖವೊಂದೇ ಲೆಕ್ಕಕ್ಕೆ ಬಂತು. 2020ರಲ್ಲಿ ಕಂಪನಿ ಆ ಹೆಸರಿನ ‘ಫೇರ್’ ತೆಗೆದು ‘ಗ್ಲೋ’ ಎಂದು ಬದಲಿಸಿತು. ನಲವತ್ತೈದು ವರ್ಷದಲ್ಲಿ ಎಷ್ಟು ಹುಡುಗಿಯರು ತಮ್ಮ ಮುಖವನ್ನು ಸರಿಪಡಿಸಬೇಕಾದ ತಪ್ಪು ಎಂದುಕೊಂಡು ಬೆಳೆದರು!

ನನ್ನನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಅತ್ತೆ ಪೇಟೆಯಿಂದ ಪೌಡರಿನ ಡಬ್ಬಿ ತಂದಿದ್ದರು. ಎಣ್ಣೆಗಪ್ಪಿನ ಮೇಲೆ ಅದು ಬೂದಿಯ ಬಣ್ಣಕ್ಕೆ ತಿರುಗಿತು. ದೊಡ್ಡಜ್ಜಿ ಬಾಗಿಲ ಸಂದಿಯಿಂದ ನೋಡಿ, “ತೊಳ್ಕೊಂಡು ಬಾ. ಬೇಲೂರಿನ ಬಾಲಿಕೆಯರಿಗೆ ಯಾರೇ ಪೌಡರ್ ಹಾಕಿದ್ರು?” ಎಂದರು. ತೊಳೆದುಕೊಂಡೇ ಹೋದೆ. ಬಂದವರು ಬಣ್ಣ ಕಮ್ಮಿಯಾಯಿತು ಎಂದು ಹೇಳಿ ಕಳಿಸಿದರು. ಅಮ್ಮ ಸಂಕಟಪಟ್ಟಳು. ನನಗೆ ಮಾತ್ರ ಬಾಗಿದ ತಲೆಯಿಂದ ಎದ್ದು ಬಂದ ನೆನಪಿಲ್ಲ. ಮುಂದೆ ನನ್ನನ್ನು ಮದುವೆಯಾದವರೂ ತೊಳೆದ ಮುಖವನ್ನೇ ನೋಡಿ ಒಪ್ಪಿದ್ದು.

ಬಚ್ಚಲುಮನೆಯ ಸೀಗೆಯ ಮಾತು ಎತ್ತಿದ ಮೇಲೆ ಕಾಡಿನವರನ್ನು ಮರೆಯಬಾರದು. ಸೀಗೆ ನಾವು ಬೆಳೆದ ಬೆಳೆಯಲ್ಲ, ಮರ ಹತ್ತಿ ಹಬ್ಬುವ ಮುಳ್ಳುಬಳ್ಳಿ. ಮೈ ಕೈ ತರಚಿಸಿಕೊಂಡು ಅದನ್ನು ಕೀಳುವವರು ಬೇರೆಯವರು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಜೇನು, ನೆಲ್ಲಿ, ಅಂಟುವಾಳದೊಂದಿಗೆ ಸೀಗೆಯನ್ನೂ ಸಂಗ್ರಹಿಸಿ ಲ್ಯಾಂಪ್ಸ್ ಸಹಕಾರ ಸಂಘಗಳಿಗೆ ಕೊಡುತ್ತಿದ್ದರು. ವನ್ಯಜೀವಿ ಕಾನೂನಿನ ಹೆಸರಿನಲ್ಲಿ ಆ ಸಂಗ್ರಹಕ್ಕೆ ತಡೆ ಬಿದ್ದು ಅವರ ಹೊಟ್ಟೆಪಾಡಿಗೆ ಪೆಟ್ಟಾಯಿತು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಅವರಿಗೆ ಸಮುದಾಯದ ಹಕ್ಕುಪತ್ರ ಸಿಕ್ಕಿತು. ಇತ್ತ ಪೇಟೆಯಲ್ಲಿ ಒಂದು ರೂಪಾಯಿಯ ಶಾಂಪೂ ಸ್ಯಾಚೆಟ್ ಹಳ್ಳಿಯ ಪೆಟ್ಟಿಗೆ ಅಂಗಡಿಯವರೆಗೂ ತೋರಣದಂತೆ ತೂಗಾಡಿ, ಹಂಡೆಯ ಒಲೆ ಆರಿಯೇ ಹೋಯಿತು. ದುಡಿಯುವ ಹೆಂಗಸಿಗೆ ಶುಕ್ರವಾರದ ಅರ್ಧ ದಿನ ಎಲ್ಲಿಂದ ಬರಬೇಕು? ಶಾಂಪೂ ಹಿಡಿದವರನ್ನು ನಾನು ದೂರುವುದಿಲ್ಲ.

ನನ್ನ ತಮ್ಮನ ಮಗಳು ಬೆಂಗಳೂರಿನಲ್ಲಿ ಓದುತ್ತಾಳೆ, ಬಣ್ಣದಲ್ಲಿ ನನ್ನ ಹಾಗೆಯೇ. ಹೋದ ನರಕ ಚತುರ್ದಶಿಗೆ ಮನೆಗೆ ಬಂದಾಗ, ಹಿಂದಿನ ಸಂಜೆ ನೀರು ತುಂಬುವ ಹಬ್ಬಕ್ಕೆ ಹಂಡೆ ಬೆಳಗಿ, ಹಾಗಲಬಳ್ಳಿ ಸುತ್ತಿ, ಬೆಳಿಗ್ಗೆ ಅವಳಿಗೆ ನಾನೇ ಎರೆದೆ. “ಅತ್ತೆ, ಈ ಪುಡಿ ನಂಗೂ ಮಾಡ್ಕೊಡಿ” ಎಂದಳು. ಹೇಳಿಕೊಟ್ಟೆ: ಗ್ರಂಧಿಗೆ ಅಂಗಡಿಯಲ್ಲಿ ಪುಡಿ ಕೊಳ್ಳಬೇಡ, ಕಾಯಿಯನ್ನೇ ಕೊಳ್ಳು. ಬೀಜ ತೆಗೆದು, ಗಲಗಲ ಎನ್ನುವ ತನಕ ಬಿಸಿಲಿಗೆ ಹಾಕು. ಒಣಗಿದ ಚಿಗರೆ ಸೊಪ್ಪು, ಒಂದು ಹಿಡಿ ಮೆಂತ್ಯ, ಎರಡು ಹಿಡಿ ಹೆಸರುಕಾಳು ಸೇರಿಸಿ ಮಿಲ್ಲಿಗೆ ಕೊಡು. ಖಾರದಪುಡಿ ಬೀಸಿದ ಮೇಲೆ ಮಾತ್ರ ಬೀಸಿಸಬೇಡ. ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ಗಾಳಿಯಾಡದ ಡಬ್ಬಿಗೆ ತುಂಬು. ಈ ಸಲದ ದೀಪಾವಳಿಗೆ ಎರಡು ಕೆಜಿ ಸೀಗೆಕಾಯಿ ತಂದಿಡಿ ಎಂದು ಈಗಲೇ ಹೇಳಿದ್ದಾಳೆ, ಅದರಲ್ಲಿ ಅರ್ಧ ಹಾಸ್ಟೆಲಿನ ಗೆಳತಿಯರಿಗಂತೆ.