ಲಂಬಾಣಿ ಮಾತಿನ ಕುಲನಿರ್ಣಯ

ವಿಜಯಪುರದ ಪೇಟೆಯಲ್ಲಾಗಲಿ, ತಿಕೋಟೆ-ಬಬಲೇಶ್ವರಗಳ ಸಂತೆಯಲ್ಲಾಗಲಿ ತಾಂಡೆಯಿಂದ ಬಂದವರು ಅಂಗಡಿಕಾರನೊಡನೆ ಕನ್ನಡವನ್ನಾಡಿ, ತಮ್ಮತಮ್ಮೊಳಗೆ ಬೇರೊಂದು ಮಾತನ್ನಾಡುವದನ್ನು ಕೇಳದವರು ವಿರಳ. ಊರವರು ಅದನ್ನು ಲಂಬಾಣಿ ಎನ್ನುವರು. ಆಡುವವರು ಗೋರಬೋಲಿ ಎನ್ನುವರು. ಅದು ಕನ್ನಡ, ಮರಾಠಿ, ಹಿಂದಿಗಳು ಬೆರೆತ ಕಲಬೆರಕೆಯೆಂಬ ನಂಬಿಕೆಯು ಊರವರಲ್ಲಿ ಬೇರೂರಿರುವದು. ಭಾಷಾಶಾಸ್ತ್ರವು ಇದನ್ನೊಪ್ಪುವದಿಲ್ಲ.

ಶಬ್ದಗಳೇನೋ ಸಂತೆಯಲ್ಲಿ ಕಡವಾಗಿ ದೊರೆಯುವವು. ವಿಭಕ್ತಿಪ್ರತ್ಯಯಗಳೂ ಕ್ರಿಯಾರೂಪಗಳೂ ಅಷ್ಟು ಸುಲಭವಾಗಿ ದೊರೆಯವು. ಕುಲವನ್ನರಸುವವರು ನೋಡುವದು ಇವನ್ನೇ. ಮರಾಠಿ-ಹಿಂದಿಗಳಲ್ಲಿ ‘ಘೋಡಾ’ ಎಂಬ ಕುದುರೆಯು ಲಂಬಾಣಿಯಲ್ಲಿ ‘ಘೋಡೋ’. ಈ ಓಕಾರಾಂತವು ಗುಜರಾತಿಗೂ ರಾಜಸ್ಥಾನಿಗೂ ಸೇರಿದ ಗುರುತು. ಷಷ್ಠಿಯ ‘ರೋ’ ಪ್ರತ್ಯಯವು ಮಾರವಾಡದ ಕಡೆಗೆ ಕೈದೋರುವದು. ಆದರೆ ‘ಇರು’ ಎಂಬರ್ಥದ ಕ್ರಿಯಾಪದವು ಮಾರವಾಡಿಯಂತೆ ಹಕಾರದಿಂದ ತೊಡಗದೆ, ಗುಜರಾತಿಯಲ್ಲಿಯೂ ಜಯಪುರದ ಮಾತಿನಲ್ಲಿಯೂ ಇರುವಂತೆ ಛಕಾರದಿಂದ ತೊಡಗುವದು. ತವರು ಒಂದೇ ದಿಕ್ಕಿನದು, ಮನೆ ಯಾವದೆಂಬುದು ಮಾತ್ರ ಜಟಿಲ.

ಈ ತೊಡಕನ್ನು ಶಾಸ್ತ್ರೀಯವಾಗಿ ಮೊದಲು ಕೈಗೆತ್ತಿಕೊಂಡವನು ಗ್ರಿಯರ್ಸನ್. ಅವನ ಭಾರತೀಯ ಭಾಷಾ ಸಮೀಕ್ಷೆಯ ಒಂಬತ್ತನೆಯ ಸಂಪುಟದ ಮೂರನೆಯ ಭಾಗವು 1907ರಲ್ಲಿ ಪ್ರಕಟವಾಯಿತು. ಭಿಲ್ಲ ಭಾಷೆಗಳು, ಖಾನದೇಶಿ, ಬಹುರೂಪಿಗಳ ಮಾತು ಇವುಗಳ ಪಂಕ್ತಿಯಲ್ಲಿಯೇ ಬಂಜಾರಿ ಅಥವಾ ಲಭಾಣಿಗೂ ಅಲ್ಲಿ ಎಡೆ ದೊರೆಯಿತು. ಪಂಜಾಬ-ಗುಜರಾತಗಳದೊಂದು, ಉಳಿದ ಸೀಮೆಗಳದೊಂದು ಎಂದು ಅವನು ಅದನ್ನು ಎರಡಾಗಿ ವಿಂಗಡಿಸಿ, ಎರಡರ ಮೂಲವನ್ನೂ ಪಶ್ಚಿಮ ರಾಜಪುತಾನದಲ್ಲಿ ಕಂಡನು. ಎಲ್ಲ ಭಾಷೆಗಳಿಗೂ ಅವನು ಹಿಡಿದ ಮುಖ್ಯ ಅಳತೆಗೋಲು ಬೈಬಲಿನ ದುಂದುಗಾರ ಮಗನ ಕಥೆಯ ಅನುವಾದ. ಹೋಲಿಕೆಗೆ ಇದು ಅನುಕೂಲವೇ ಸರಿ; ಆದರೆ ಎತ್ತು ಹೇರುವವರ ನುಡಿಯ ಸೊಗಸು ಆ ಕಥೆಯಲ್ಲಿ ಎಷ್ಟು ಮೂಡೀತು? ಇದಲ್ಲದೆ ಮೈಸೂರು, ಹೈದರಾಬಾದ, ಮದರಾಸುಗಳು ಸಮೀಕ್ಷೆಯ ಹೊರಗುಳಿದವು. ಮುಂಬಯಿ ಇಲಾಖೆಯಲ್ಲಿದ್ದ ವಿಜಯಪುರ ಜಿಲ್ಲೆಯು ಎಲ್ಲೆಯೊಳಗೆ, ನೆರೆಯ ಕಲಬುರ್ಗಿಯ ತಾಂಡೆಗಳು ಎಲ್ಲೆಯ ಹೊರಗೆ!

ಎಲ್ಲೆಗಳನ್ನು ಲೆಕ್ಕಿಸದೆ ತಿರುಗಿದುದೇ ಈ ಜನರ ಇತಿಹಾಸ. ದಖ್ಖಣಕ್ಕಿಳಿದ ಮೊಗಲ ದಂಡುಗಳಿಗೆ ಧಾನ್ಯವನ್ನೂ, ಹಳ್ಳಿಗಳಿಗೆ ಉಪ್ಪನ್ನೂ ಸಾಗಿಸಿದವು ಇವರ ಎತ್ತುಗಳು. ತಾಂಡೆಯೆಂದರೆ ಮೊದಲು ನೆಲೆನಿಂತ ಊರಲ್ಲ, ನಡೆವ ತಂಡ. 1884ರ ಸುಮಾರಿಗೆ ವಿಜಯಪುರಕ್ಕೆ ರೈಲು ಬಂದಿತು, ಹೇರಿನ ಕಸುಬು ಕುಂದಿತು, ತಾಂಡೆಗಳು ನೆಲಕ್ಕಂಟಿದವು. ಮಾತು ಮಾತ್ರ ಮನೆಯೊಳಗೆ ಉಳಿಯಿತು.

1970ರಲ್ಲಿ ರೊನಾಲ್ಡ್ ಟ್ರೇಲ್ ಲಮಾಣಿಯ ವ್ಯಾಕರಣವನ್ನು ಪ್ರಕಟಿಸಿದನು. ಪಂಡಿತರು ಇದನ್ನು ರಾಜಸ್ಥಾನಿ ಶಾಖೆಯಲ್ಲಿಡುವರಾದರೂ ಶಾಖೆಯೊಳಗಿನ ಸ್ಥಾನವನ್ನು ಖಚಿತಪಡಿಸಿಲ್ಲ. ಜನಗಣತಿಯ ದಾರಿಯಂತೂ ಬೇರೆ. 2011ರ ಗಣತಿಯು ‘ಲಮಾಣಿ/ಲಂಬಾಡಿ’ ಎಂದು 32,76,548 ಜನರನ್ನೂ, ‘ಬಂಜಾರಿ’ ಎಂದು 15,81,271 ಜನರನ್ನೂ ಬೇರೆಬೇರೆಯಾಗಿ ಎಣಿಸಿ, ಇಬ್ಬರನ್ನೂ ಹಿಂದಿಯ ಲೆಕ್ಕದಲ್ಲಿ ಕೂಡಿಸಿತು. ವ್ಯಾಕರಣದ ಸಾಕ್ಷ್ಯವು ಈ ಕೂಡಿಕೆಗೆ ಬೆಂಬಲವೀಯುವದಿಲ್ಲ. ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳಲ್ಲಿ ಲಂಬಾಣಿಗೆ ಸ್ಥಾನವಿಲ್ಲ. ಅದನ್ನು ಬೇಡುವವರು ಮುಂದಿಡಬೇಕಾದ ಸಂಖ್ಯೆಯು ಹೀಗೆ ಎರಡು ಹೆಸರುಗಳಲ್ಲಿ ಒಡೆದು, ಮೂರನೆಯದರ ಮೊತ್ತದಲ್ಲಿ ಅಡಗಿರುವದು.