ಮಾಜಿ ಸೈನಿಕರ ವಾರ್ಷಿಕ ಸಮಾವೇಶ ಮತ್ತು ಕುಟುಂಬದ ಸ್ಥಾನ: ‘ಗ್ರ್ಯಾಂಡ್ ಆರ್ಮಿ ಆಫ್ ದಿ ರಿಪಬ್ಲಿಕ್’ ಸಂಘಟನೆಯ ಅನುಭವ (1866–1949)

ಪೀಠಿಕೆ

ಮಾಜಿ ಸೈನಿಕರ ಪುನರ್ಮಿಲನಗಳನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಸೈನಿಕನ ಸುತ್ತಲೇ ನಡೆಯುತ್ತದೆ. ಅವನ ನೆನಪು, ಗೆಳೆತನ, ರಾಜಕೀಯ ಬಲ ಇವೇ ಅಧ್ಯಯನದ ವಸ್ತುಗಳಾಗುತ್ತವೆ. ಅವನೊಡನೆ ಬರುವ ಹೆಂಡತಿ ಮಕ್ಕಳು, ತೀರಿಕೊಂಡ ಸಂಗಾತಿಯ ಪತ್ನಿ, ವಯಸ್ಸಾದ ತಾಯಿ ಸಭಿಕರ ಸಾಲಿನಲ್ಲಿ ಉಳಿದುಬಿಡುತ್ತಾರೆ. ಅಮೆರಿಕದ ಅಂತರ್ಯುದ್ಧದಲ್ಲಿ (1861–65) ಉತ್ತರದ ಒಕ್ಕೂಟ ಸೇನೆಯ ಪರವಾಗಿ ಹೋರಾಡಿದವರು ಕಟ್ಟಿದ ‘ಗ್ರ್ಯಾಂಡ್ ಆರ್ಮಿ ಆಫ್ ದಿ ರಿಪಬ್ಲಿಕ್’ ಸಂಘಟನೆಯ ಸಮಾವೇಶಗಳನ್ನು ಆಧರಿಸಿ ಈ ಲೇಖನವು ಬೇರೊಂದು ವಾದವನ್ನು ಮುಂದಿಡುತ್ತದೆ. ಇಂಥ ಸಮಾವೇಶ ಯಾರಿಗೆ ಒದಗುತ್ತದೆ, ಏನನ್ನು ಉಳಿಸುತ್ತದೆ, ಎಷ್ಟು ಕಾಲ ಬಾಳುತ್ತದೆ ಎಂಬ ಮೂರೂ ಪ್ರಶ್ನೆಗಳಿಗೆ ಉತ್ತರ, ಅದು ಕುಟುಂಬಕ್ಕೆ ಕೊಡುವ ಸ್ಥಾನದಲ್ಲಿದೆ.

ಸಂಘಟನೆಯ ಸ್ವರೂಪ

ಯುದ್ಧಕಾಲದಲ್ಲಿ ಸೇನಾ ವೈದ್ಯರಾಗಿದ್ದ ಬೆಂಜಮಿನ್ ಸ್ಟೀಫನ್‌ಸನ್ 1866ರ ಏಪ್ರಿಲ್ 6ರಂದು ಇಲಿನಾಯ್ ರಾಜ್ಯದ ಡಿಕೇಟರ್‌ನಲ್ಲಿ ಈ ಸಂಘಟನೆಯನ್ನು ಆರಂಭಿಸಿದರು. ಊರಿಗೊಂದು ‘ಪೋಸ್ಟ್’, ರಾಜ್ಯಕ್ಕೊಂದು ‘ಡಿಪಾರ್ಟ್‌ಮೆಂಟ್’, ಇವೆಲ್ಲ ಒಂದೆಡೆ ಸೇರುವ ರಾಷ್ಟ್ರೀಯ ‘ಎನ್‌ಕ್ಯಾಂಪ್‌ಮೆಂಟ್’ — ಇದು ಅದರ ಕಟ್ಟು. ಮೊದಲ ರಾಷ್ಟ್ರೀಯ ಸಮಾವೇಶ ಅದೇ ವರ್ಷದ ನವೆಂಬರಿನಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ನಡೆಯಿತು. 1890ರ ಹೊತ್ತಿಗೆ ಸದಸ್ಯರ ಸಂಖ್ಯೆ 4 ಲಕ್ಷ ದಾಟಿತ್ತು. ಸಮಾವೇಶಕ್ಕೆ ಬರುವವರಿಗೆ ರೈಲು ಕಂಪನಿಗಳು ರಿಯಾಯಿತಿ ದರದ ಟಿಕೆಟ್ ಕೊಡುತ್ತಿದ್ದವು. ಹಗಲು ಪಥಸಂಚಲನ ಮತ್ತು ಸಭೆಗಳು ನಡೆದರೆ, ಸಂಜೆ ದಂಡಿನ ದಿನಗಳ ಹಾಡು, ಕಥೆ, ಭಾಷಣಗಳ ‘ಕ್ಯಾಂಪ್‌ಫೈರ್’ ಇರುತ್ತಿತ್ತು. 1868ರಲ್ಲಿ ಇದರ ಮುಖ್ಯಸ್ಥರಾಗಿದ್ದ ಜಾನ್ ಲೋಗನ್ ಅವರು ಮೇ 30ರಂದು ಸೈನಿಕರ ಸಮಾಧಿಗಳಿಗೆ ಹೂವಿಡಬೇಕೆಂದು ಹೊರಡಿಸಿದ ಆದೇಶವೇ ಇಂದಿನ ‘ಮೆಮೋರಿಯಲ್ ಡೇ’ ಆಚರಣೆಗೆ ತಳಹದಿ.

ಸದಸ್ಯತ್ವದ ನಿಯಮ ಮಾತ್ರ ಬಿಗಿಯಾಗಿತ್ತು. ಆ ಯುದ್ಧದಲ್ಲಿ ಒಕ್ಕೂಟದ ಪರವಾಗಿ ದುಡಿದು ಗೌರವದಿಂದ ಬಿಡುಗಡೆ ಹೊಂದಿದವರಿಗಷ್ಟೇ ಪ್ರವೇಶವಿತ್ತು. ಗಂಡುಮಕ್ಕಳಿಗಾಗಿ 1881ರಲ್ಲಿ ‘ಸನ್ಸ್ ಆಫ್ ವೆಟರನ್ಸ್’ ಎಂಬ ಪ್ರತ್ಯೇಕ ಸಂಘ ಹುಟ್ಟಿತು. ತಂದೆಯ ಸದಸ್ಯತ್ವ ಮಗನಿಗೆ ಬರುತ್ತಿರಲಿಲ್ಲ.

ಪಿಂಚಣಿ ಮತ್ತು ಸಾಕ್ಷಿ

ಈ ಸಮಾವೇಶಗಳನ್ನು ನೆನಪಿನ ಹಬ್ಬವೆಂದು ಮಾತ್ರ ಓದಿದರೆ ಅವುಗಳ ಅರ್ಧ ಕೆಲಸ ಕಣ್ಣಿಗೆ ಬೀಳುವುದಿಲ್ಲ. 1862ರ ಪಿಂಚಣಿ ಕಾನೂನಿನ ಪ್ರಕಾರ, ಅಂಗವೈಕಲ್ಯವಾಗಲಿ ಮರಣವಾಗಲಿ ಸೇವೆಯ ಕಾರಣದಿಂದಲೇ ಬಂದದ್ದೆಂದು ಅರ್ಜಿದಾರರು ರುಜುವಾತು ಮಾಡಬೇಕಿತ್ತು. ಸೇನೆಯ ಆಸ್ಪತ್ರೆ ದಾಖಲೆಗಳು ಅನೇಕ ಕಡೆ ಅಪೂರ್ಣವಾಗಿದ್ದವು. ಆಗ ಉಳಿಯುತ್ತಿದ್ದ ದಾರಿ, ಜೊತೆಯಲ್ಲಿದ್ದ ಸೈನಿಕರ ಅಥವಾ ಅಧಿಕಾರಿಗಳ ಪ್ರಮಾಣಪೂರ್ವಕ ಹೇಳಿಕೆ. ಯುದ್ಧ ಮುಗಿದ ಮೇಲೆ ಆ ಸಂಗಾತಿಗಳು ಜಮೀನು ಮತ್ತು ಕೆಲಸ ಹುಡುಕಿಕೊಂಡು ದೇಶದ ಪಶ್ಚಿಮಕ್ಕೆಲ್ಲ ಚದುರಿದ್ದರು. ಹಳೆಯ ರೆಜಿಮೆಂಟಿನವರು ಮತ್ತೆ ಒಂದೆಡೆ ಸಿಗುತ್ತಿದ್ದ ಅಪರೂಪದ ಜಾಗ ಸಮಾವೇಶವೇ ಆಗಿತ್ತು. ‘ನ್ಯಾಷನಲ್ ಟ್ರಿಬ್ಯೂನ್’ ಎಂಬ ಮಾಜಿ ಸೈನಿಕರ ಪತ್ರಿಕೆಯೂ ಸಂಗಾತಿಗಳ ವಿಳಾಸ ಹುಡುಕುವವರಿಗೆ ನೆರವಾಗುತ್ತಿತ್ತು.

ಈ ಸಾಕ್ಷಿಯ ಅಗತ್ಯ ಗಂಡನನ್ನು ಕಳೆದುಕೊಂಡವಳಿಗೆ ಇನ್ನೂ ಹೆಚ್ಚಿತ್ತು. ಗಂಡನ ಮರಣದ ಕಾರಣದ ಜೊತೆಗೆ ತನ್ನ ಮದುವೆಯನ್ನೂ, ಮರುಮದುವೆಯಾಗಿಲ್ಲ ಎಂಬುದನ್ನೂ ಅವಳು ಸಾಬೀತುಪಡಿಸಬೇಕಿತ್ತು. ಒಕ್ಕೂಟ ಸೇನೆಯಲ್ಲಿ ದುಡಿದ ಸುಮಾರು 1,80,000 ಕಪ್ಪು ಸೈನಿಕರಲ್ಲಿ ಬಹುಪಾಲು ಮಂದಿ ಗುಲಾಮಗಿರಿಯಿಂದ ಬಂದವರು. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆಯೇ ಇರಲಿಲ್ಲವಾದ್ದರಿಂದ ಅವರ ಪತ್ನಿಯರ ಕೈಯಲ್ಲಿ ಕಾಗದ ಇರುವ ಮಾತೇ ಇಲ್ಲ. ಅವರು ಗಂಡಹೆಂಡಿರಾಗಿ ಬಾಳಿದ್ದನ್ನು ಕಂಡವರ ಮಾತೇ ಅವರ ಪಾಲಿನ ದಾಖಲೆಯಾಯಿತು.

ಸಂಘಟನೆಯ ಒತ್ತಡದ ಫಲವಾಗಿ ಬಂದ 1890ರ ಕಾನೂನು, 90 ದಿನಗಳ ಸೇವೆ ಸಲ್ಲಿಸಿ ದುಡಿಮೆಯ ಶಕ್ತಿ ಕಳೆದುಕೊಂಡವರಿಗೂ, ಸ್ವಂತ ದುಡಿಮೆಯ ಹೊರತು ಬೇರೆ ಆಸರೆಯಿಲ್ಲದ ಮೃತ ಸೈನಿಕರ ಪತ್ನಿಯರಿಗೂ ಪಿಂಚಣಿಯ ಬಾಗಿಲು ತೆರೆಯಿತು. ಈ ಪಿಂಚಣಿ ಪದ್ಧತಿಯನ್ನು ಅಮೆರಿಕದ ಸಾಮಾಜಿಕ ಭದ್ರತೆಯ ಮೊದಲ ದೊಡ್ಡ ವ್ಯವಸ್ಥೆಯೆಂದು ಸಮಾಜಶಾಸ್ತ್ರಜ್ಞೆ ಥೀಡಾ ಸ್ಕಾಚ್‌ಪಾಲ್ 1992ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಆ ವ್ಯವಸ್ಥೆಯ ಕೆಳಗಿನ ಮೆಟ್ಟಿಲುಗಳಲ್ಲಿ, ಹಳೆಯ ಪರಿಚಯವನ್ನು ಹಕ್ಕಾಗಿ ಮಾರ್ಪಡಿಸುವ ಕೆಲಸದಲ್ಲಿ ಪೋಸ್ಟುಗಳಿಗೂ ಸಮಾವೇಶಗಳಿಗೂ ಪಾಲಿತ್ತು ಎಂಬುದನ್ನು ಇದಕ್ಕೆ ಸೇರಿಸಬೇಕು.

ಯಾರು ಕುಟುಂಬ?

ಕುಟುಂಬದ ಎಲ್ಲೆ ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ಮಹಿಳೆಯರು ಎರಡು ಉತ್ತರ ಕೊಟ್ಟರು. 1883ರಲ್ಲಿ ಡೆನ್ವರ್ ಸಮಾವೇಶದ ಸಂದರ್ಭದಲ್ಲಿ ರೂಪುಗೊಂಡು, ಸಂಘಟನೆಯ ಸಹಾಯಕ ಸಂಸ್ಥೆಯೆಂದು ಮಾನ್ಯತೆ ಪಡೆದ ‘ವುಮನ್ಸ್ ರಿಲೀಫ್ ಕೋರ್’ ಒಕ್ಕೂಟಕ್ಕೆ ನಿಷ್ಠರಾದ ಎಲ್ಲ ಮಹಿಳೆಯರನ್ನೂ ಸೇರಿಸಿಕೊಂಡಿತು. 1886ರಲ್ಲಿ ರೂಪುಗೊಂಡ ‘ಲೇಡೀಸ್ ಆಫ್ ದಿ ಗ್ರ್ಯಾಂಡ್ ಆರ್ಮಿ’ ಸೈನಿಕರ ರಕ್ತಸಂಬಂಧಿಗಳಿಗೂ ಪತ್ನಿಯರಿಗೂ ಮಾತ್ರ ಸ್ಥಳ ಕೊಟ್ಟಿತು. ಮೊದಲನೆಯದು ಕುಟುಂಬವನ್ನು ಹೊಣೆಗಾರಿಕೆಯಿಂದ ಗುರುತಿಸಿದರೆ, ಎರಡನೆಯದು ಸಂಬಂಧದಿಂದ ಗುರುತಿಸಿತು.

ಹೊಣೆಗಾರಿಕೆಯ ದಾರಿ ಎಷ್ಟು ದೂರ ಸಾಗಿತೆಂಬುದಕ್ಕೆ ಎರಡು ನಿದರ್ಶನಗಳು ಸಾಕು. ಯುದ್ಧದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿದ ದಾದಿಯರಿಗೆ ದೀರ್ಘಕಾಲ ಪಿಂಚಣಿ ಇರಲಿಲ್ಲ. ರಿಲೀಫ್ ಕೋರ್ ಅವರ ಪರವಾಗಿ ನಿಂತಿತು. 1892ರ ಕಾನೂನು ಅವರಿಗೆ ತಿಂಗಳಿಗೆ 12 ಡಾಲರ್ ಕೊಟ್ಟಿತು. ಎರಡನೆಯದು ಜಾರ್ಜಿಯಾದ ಆಂಡರ್ಸನ್‌ವಿಲ್. ಒಕ್ಕೂಟದ ಸುಮಾರು 13,000 ಸೆರೆಯಾಳುಗಳು ಹಸಿವು ಮತ್ತು ರೋಗದಿಂದ ಸತ್ತ ಸೆರೆಶಿಬಿರದ ನೆಲ ಅದು. ಜಾರ್ಜಿಯಾದಲ್ಲಿದ್ದ ಸಂಘಟನೆಯ ಸದಸ್ಯರು ಅದನ್ನು ಕೊಂಡರಾದರೂ ನಿರ್ವಹಣೆ ಅವರ ಕೈಮೀರಿತು. 1896ರಲ್ಲಿ ರಿಲೀಫ್ ಕೋರ್ ಅದನ್ನು ವಹಿಸಿಕೊಂಡು ಅಭಿವೃದ್ಧಿಪಡಿಸಿ, 1910ರಲ್ಲಿ ರಾಷ್ಟ್ರಕ್ಕೆ ಒಪ್ಪಿಸಿತು. ಗಂಡಸರ ನೆನಪಿನ ನೆಲವನ್ನು ಉಳಿಸಿದವರು ಹೆಂಗಸರು.

ಮಿಲನದ ಮಿತಿ

ಯಾರು ಒಳಗೆ, ಯಾರು ಹೊರಗೆ ಎಂಬ ಪ್ರಶ್ನೆ ಜನಾಂಗದ ವಿಷಯದಲ್ಲೂ ಎದ್ದಿತು. 1891ರ ಡೆಟ್ರಾಯಿಟ್ ಸಮಾವೇಶದಲ್ಲಿ, ದಕ್ಷಿಣದ ಕಪ್ಪು ಸದಸ್ಯರಿಗೆ ಪ್ರತ್ಯೇಕ ಡಿಪಾರ್ಟ್‌ಮೆಂಟ್ ಮಾಡಬೇಕೆಂಬ ಸಲಹೆ ತಿರಸ್ಕೃತವಾಯಿತು. ಕಪ್ಪು ಮತ್ತು ಬಿಳಿ ಸೈನಿಕರು ಒಂದೇ ಪೋಸ್ಟಿನಲ್ಲಿದ್ದ ನಿದರ್ಶನಗಳನ್ನು ಇತಿಹಾಸಕಾರರಾದ ಬಾರ್ಬರಾ ಗ್ಯಾನನ್ 2011ರಲ್ಲಿ ವಿಸ್ತಾರವಾಗಿ ದಾಖಲಿಸಿದ್ದಾರೆ. ಆದರೆ 1913ರಲ್ಲಿ, ಅಂತರ್ಯುದ್ಧದ ರಣಭೂಮಿಯಾದ ಗೆಟ್ಟಿಸ್‌ಬರ್ಗ್‌ನಲ್ಲಿ 50,000ಕ್ಕೂ ಹೆಚ್ಚು ಮಾಜಿ ಸೈನಿಕರು ಎರಡೂ ಪಕ್ಷಗಳಿಂದ ಬಂದು ಸೇರಿ, ಅಂದು ಕಾದಾಡಿದ ಕಲ್ಲುಗೋಡೆಯ ಮೇಲೆ ಕೈಕುಲುಕಿದಾಗ, ಗುಲಾಮಗಿರಿಯ ಪ್ರಶ್ನೆ ವೇದಿಕೆಯಿಂದ ಮರೆಯಾಗಿತ್ತು. ಆ ಸೌಹಾರ್ದದ ಬೆಲೆಯನ್ನು ಕಪ್ಪು ಜನರು ತೆತ್ತರೆಂಬ ಇತಿಹಾಸಕಾರ ಡೇವಿಡ್ ಬ್ಲೈಟ್ ಅವರ ವಾದವನ್ನು (2001) ಒಪ್ಪದೆ ವಿಧಿಯಿಲ್ಲ. ಯಾರನ್ನು ಹೊರಗಿಟ್ಟು ಸೇರಿದ್ದೇವೆ ಎಂಬ ಪ್ರಶ್ನೆಯನ್ನು ಪ್ರತಿಯೊಂದು ಪುನರ್ಮಿಲನಕ್ಕೂ ಕೇಳಬೇಕಾಗುತ್ತದೆ.

ಸಂಘಟನೆಯ ಅಂತ್ಯ

ಕೊನೆಯ ಸಮಾವೇಶ 1949ರಲ್ಲಿ, ಮೊದಲನೆಯದು ನಡೆದ ಇಂಡಿಯಾನಾಪೊಲಿಸ್‌ನಲ್ಲೇ ನಡೆಯಿತು. ಬಂದವರು 6 ಮಂದಿ. ಕೊನೆಯ ಸದಸ್ಯ ಆಲ್ಬರ್ಟ್ ವುಲ್ಸನ್ 1956ರ ಆಗಸ್ಟಿನಲ್ಲಿ ತೀರಿಕೊಂಡಾಗ ಸಂಘಟನೆಯೂ ಮುಗಿಯಿತು. ಆ ಯುದ್ಧದ ಪಿಂಚಣಿಯಾದರೋ ಮುಗಿಯಲಿಲ್ಲ. ಸೈನಿಕನೊಬ್ಬನ ಮಗಳಾಗಿದ್ದ ಕೊನೆಯ ಫಲಾನುಭವಿ 2020ರವರೆಗೆ ತಿಂಗಳಿಗೆ 73.13 ಡಾಲರ್ ಪಡೆಯುತ್ತಿದ್ದರು. ಸೈನಿಕರ ಸಂಘಟನೆ ಕಣ್ಮರೆಯಾಗಿ ಆರು ದಶಕ ಕಳೆದರೂ ಯುದ್ಧದ ಬಾಧ್ಯತೆ ಕುಟುಂಬದಲ್ಲಿ ಜೀವಂತವಾಗಿತ್ತು.

ಕರ್ನಾಟಕದ ಸಂದರ್ಭ

ಇದೇ ಪ್ರಶ್ನೆಯನ್ನು ನಮ್ಮ ನಾಡಿನ ಪುನರ್ಮಿಲನಗಳಿಗೂ ಕೇಳಬಹುದು. ಭೂಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದ ಕೊಡಗಿನ ಕೆ.ಎಂ. ಕಾರ್ಯಪ್ಪನವರು ಸೇನೆಯಿಂದ ನಿವೃತ್ತರಾದ 1953ರ ಜನವರಿ 14ರ ನೆನಪಿಗೆ ಆ ದಿನವನ್ನು ಭಾರತದಲ್ಲಿ ಮಾಜಿ ಸೈನಿಕರ ದಿನವಾಗಿ ಆಚರಿಸಲಾಗುತ್ತಿದೆ. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲೂ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಕೇಂದ್ರದಲ್ಲೂ ಪುನರ್ಮಿಲನಗಳು ನಡೆಯುತ್ತವೆ. ಕರ್ತವ್ಯದಲ್ಲಿ ಮಡಿದ ಸೈನಿಕರ ಪತ್ನಿಯರಾದ ವೀರನಾರಿಯರನ್ನು ವೇದಿಕೆಗೆ ಕರೆದು ಸನ್ಮಾನಿಸುವ ಪದ್ಧತಿಯೂ ಇದೆ. ಆದರೆ ಅವರಲ್ಲಿ ಅನೇಕರ ತೊಡಕು ವೇದಿಕೆಯಿಂದಾಚೆ, ಪಿಂಚಣಿ ಮತ್ತು ದಾಖಲೆಗಳ ಮೇಜಿನ ಮುಂದಿದೆ. ಮದುವೆ, ಮಕ್ಕಳ ಜನನ, ಸೈನಿಕನ ವೈಯಕ್ತಿಕ ವಿವರಗಳನ್ನು ದಾಖಲಿಸುವ ಸೇನೆಯ ‘ಪಾರ್ಟ್ ಟು ಆರ್ಡರ್’ನಲ್ಲಿ ದಾಖಲಾಗದಿದ್ದರೆ, ಪಿಂಚಣಿ ಪಾವತಿ ಆದೇಶದಲ್ಲಿರುವ (ಪಿಪಿಓ) ಹೆಸರಿಗೂ ಆಧಾರ್ ಕಾರ್ಡಿನ ಹೆಸರಿಗೂ ತಾಳೆಯಾಗದಿದ್ದರೆ ಕುಟುಂಬ ಪಿಂಚಣಿ ನಿಂತುಹೋಗಬಹುದು. ಸೈನಿಕ ಬದುಕಿದ್ದಾಗ ಒಂದು ಅರ್ಜಿಯಲ್ಲಿ ಮುಗಿಯುವ ತಿದ್ದುಪಡಿ, ಅವನ ನಂತರ ಹೆಂಡತಿಯನ್ನು ರೆಕಾರ್ಡ್ ಆಫೀಸು, ಬ್ಯಾಂಕು, ಸೈನಿಕ ಕಲ್ಯಾಣ ಇಲಾಖೆಗಳ ನಡುವೆ ಅಲೆಸುತ್ತದೆ. 19ನೆಯ ಶತಮಾನದ ಅಮೆರಿಕದ ಆ ಪತ್ನಿಯರ ಪಾಡಿಗೂ ಇದಕ್ಕೂ ಇರುವ ಹೋಲಿಕೆ ಆಕಸ್ಮಿಕವಲ್ಲ. ಎರಡೂ ಕಡೆ ಸೈನ್ಯದ ದಾಖಲೆ ಸೈನಿಕನನ್ನು ಬಲ್ಲದು, ಅವನ ಮನೆಯನ್ನು ಅರೆಬರೆ ಮಾತ್ರ ಬಲ್ಲದು.

ಉಪಸಂಹಾರ

ಈ ಅಧ್ಯಯನದಿಂದ ಎರಡು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಪುನರ್ಮಿಲನಗಳು ದಾಖಲೆ ಸರಿಪಡಿಸುವ ತಾಣಗಳಾಗಬೇಕು. ಸೈನಿಕ, ಅವನ ಪತ್ನಿ, ಜೊತೆಗಾರರು, ರೆಕಾರ್ಡ್ ಆಫೀಸಿನ ಸಿಬ್ಬಂದಿ ಒಂದೇ ಕಡೆ ಸಿಗುವ ದಿನ ಅಪರೂಪ. ಎರಡನೆಯದಾಗಿ, ಪತ್ನಿಗೂ ಮಕ್ಕಳಿಗೂ ಸಂಘಗಳಲ್ಲಿ ಮತದಾನದ ಹಕ್ಕುಳ್ಳ ಪೂರ್ಣ ಸದಸ್ಯತ್ವ ದೊರೆಯಬೇಕು. ಗ್ರ್ಯಾಂಡ್ ಆರ್ಮಿ ತನ್ನ ಬಾಗಿಲನ್ನು ಸೈನಿಕನ ಆಯುಷ್ಯಕ್ಕೆ ಕಟ್ಟಿಹಾಕಿ ಅವನೊಂದಿಗೇ ಮುಗಿಯಿತು. ಅದು ಹೊತ್ತಿದ್ದ ಹೊಣೆ ಮುಗಿದಿರಲಿಲ್ಲ. ಸೈನಿಕನ ಕಾಲಾನಂತರವೂ ಆ ಹೊಣೆ ಹೊರುವವರನ್ನು ಇಂದೇ ಒಳಗೆ ಕರೆದುಕೊಳ್ಳುವ ಸಂಘಕ್ಕೆ ಮಾತ್ರ ನಾಳೆಯೂ ಕೆಲಸವಿರುತ್ತದೆ.